ಕಿರದಳ್ಳಿ ತಾಂಡಾದ ನೀರು: ಅಂಗೈ ಅಂಗಾಲು ಮೊದಲೇ ಹೇಳಿದ್ದ ಚರಿತ್ರೆ

ಸುರಪುರದ ಚರಿತ್ರೆ ಅಂದಕೂಡಲೇ ನೆನಪಾಗುವುದು ನಾಯಕರ ಸಂಸ್ಥಾನ, 1858ರಲ್ಲಿ ಇಂಗ್ಲಿಷರ ವಿರುದ್ಧ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕರು, ಗುಡ್ಡದ ಮೇಲಿನ ಟೇಲರ್ ಮಂಜಿಲ್. ಶಹಾಪುರ ಅಂದರೆ ಮಲಗಿದ ಬುದ್ಧನ ಗುಡ್ಡ. ಯಾದಗಿರಿ ಅಂದರೆ ಕೋಟೆ. ನಾವು ಶಾಲೆಯಲ್ಲಿ ಓದಿದ್ದು ಇದನ್ನೇ, ಪತ್ರಿಕೆಗಳ ವಿಶೇಷ ಪುರವಣಿಗೆ ಬರೆದು ಕಳಿಸಿದ್ದೂ ಇದನ್ನೇ.

ನಮ್ಮ ಜಿಲ್ಲೆಗೆ ಇನ್ನೊಂದು ಚರಿತ್ರೆಯೂ ಇದೆ. ಅದು ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲು, ಬೆನ್ನಿನ ಮೇಲೆ ಇತ್ತು. ಕೈಯೊಳಗೆ ಗಟ್ಟಿ ಗಂಟುಗಳು, ಅಂಗಾಲು ಒರಟಾಗಿ ಬಿರುಕು, ಮೈಮೇಲೆ ಮಳೆಹನಿ ಬಿದ್ದ ಹಾಗೆ ಕಪ್ಪು ಬಿಳಿ ಚುಕ್ಕಿ. ಇದಕ್ಕೆ ಕಾರಣ ದಿನಾ ಕುಡಿಯುವ ನೀರು ಎಂದು ಗೊತ್ತಾಗುವುದಕ್ಕೆ ಬಹಳ ವರ್ಷ ಹಿಡಿಯಿತು.

ಆ ನೀರಿನ ಕಥೆಯನ್ನು ಇಲ್ಲಿ ಮೊದಲಿನಿಂದ ಹೇಳುತ್ತೇವೆ. ಹಳೆಯ ಕಥೆ, ಮುಗಿದುಹೋಯಿತು ಅಂದುಕೊಳ್ಳಬೇಡಿ. ಈ ವಿಷ ಚರ್ಮದಲ್ಲಿ ಕ್ಯಾನ್ಸರ್ ತರುವುದು ಹತ್ತಾರು ವರ್ಷಗಳ ಮೇಲೆ. ನೀರು ಬದಲಾದ ಮೇಲೂ ಎಚ್ಚರ ಬೇಕಾದ ವರ್ಷಗಳು ಇವೇ.

ಬಂಗಾರದ ಕಲ್ಲು

ಕಥೆ ಶುರುವಾಗುವುದು ಬಂಗಾರದಿಂದ. ಕೃಷ್ಣಾ ನದಿಯ ಎರಡೂ ಕಡೆ, 250 ಕೋಟಿ ವರ್ಷಕ್ಕೂ ಹಳೆಯದಾದ ಕಪ್ಪು ಹಸಿರು ಕಲ್ಲಿನ ಪಟ್ಟಿಗಳಿವೆ. ನದಿಯ ದಕ್ಷಿಣಕ್ಕೆ ರಾಯಚೂರು ಜಿಲ್ಲೆಯ ಹಟ್ಟಿ–ಮಸ್ಕಿ ಪಟ್ಟಿ. ಉತ್ತರಕ್ಕೆ ನಮ್ಮ ಸುರಪುರ ಸೀಮೆಯ ಮಂಗಳೂರು ಪಟ್ಟಿ. ಇದು ಕಡಲ ತೀರದ ಮಂಗಳೂರಲ್ಲ, ನಮ್ಮದೇ ಸೀಮೆಯ ಹಳ್ಳಿ.

ಈ ಕಲ್ಲಿನೊಳಗೆ ಬಂಗಾರ ಇದೆ ಅಂತ ನಮ್ಮ ಹಿಂದಿನವರಿಗೆ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು. ಹಟ್ಟಿಯಲ್ಲಿ ಪುರಾತನ ಕಾಲದವರು ತೋಡಿದ ಆಳದ ಗುಂಡಿಗಳು ಸಿಕ್ಕಿವೆ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಬಂಗಾರದ ಗಣಿಯ ಇಂಜಿನಿಯರ್ ಒಬ್ಬರಿಗೆ. ಬೀಡನ್ ಅಂತ ಅವರ ಹೆಸರು. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ತಿಳಿಸಿಕೊಟ್ಟ ಆ ಶಾಸನ ಬಂಗಾರ ಹುಡುಕುವವರ ದಾರಿಯಲ್ಲೇ ಸಿಕ್ಕಿತು. ಮಂಗಳೂರಿನಲ್ಲೂ ಬಂಗಾರದ ಗಣಿ ನಡೆಯಿತು, ಆಮೇಲೆ ನಿಂತುಹೋಯಿತು. ಗಣಿ ನಿಂತರೂ ಅದರ ಮಣ್ಣು, ಪುಡಿಮಾಡಿದ ಕಲ್ಲಿನ ರಾಶಿ ಎಲ್ಲಿಗೂ ಹೋಗುವುದಿಲ್ಲ.

ಬಂಗಾರ ಒಂಟಿಯಾಗಿ ಇರುವುದಿಲ್ಲ. ಇಂಥ ಕಲ್ಲಿನಲ್ಲಿ ಅದರ ಜೊತೆಗೆ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿದ ಖನಿಜವೊಂದು ಇರುತ್ತದೆ. ಇಲಿ ಕೊಲ್ಲಲು, ಮನುಷ್ಯರನ್ನು ಮುಗಿಸಲು ಬಳಸುತ್ತಿದ್ದ ಪಾಷಾಣ ಗೊತ್ತಲ್ಲ, ಅದು ಈ ಆರ್ಸೆನಿಕ್‌ನಿಂದಲೇ ಆದದ್ದು. ಕಲ್ಲಿನೊಳಗೆ ಭದ್ರವಾಗಿ ಕೂತಿರುವವರೆಗೆ ಅದರಿಂದ ತೊಂದರೆ ಕಡಿಮೆ. ಗಾಳಿ, ನೀರು ತಾಗಿ ಕಲ್ಲು ಕರಗುತ್ತ ಹೋದಂತೆ ಅದು ಅಂತರ್ಜಲಕ್ಕೆ ಸೇರುತ್ತದೆ. ಗಣಿಯಿಂದ ತೆಗೆದ ಕಲ್ಲನ್ನು ಪುಡಿಮಾಡಿ ಹೊರಗೆ ಹಾಕಿದರೆ ಕರಗುವುದು ಇನ್ನೂ ಸುಲಭ.

ಕರಗಿದ ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಉಪ್ಪು ನೀರನ್ನು ನಾಲಿಗೆ ಹೇಳುತ್ತದೆ, ರಾಡಿ ನೀರನ್ನು ಕಣ್ಣು ಹೇಳುತ್ತದೆ. ಇದನ್ನು ಯಾವುದೂ ಹೇಳುವುದಿಲ್ಲ.

ಬಾವಿಯಿಂದ ಬೋರಿಂಗಿಗೆ

ಲಂಬಾಣಿಗರು ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದವರು. ರಸ್ತೆ, ರೈಲು ಬಂದಮೇಲೆ ಆ ಕಸುಬು ಬಿತ್ತು. ನಮ್ಮ ಕಡೆ 1871ರಲ್ಲಿ ರಾಯಚೂರಿನವರೆಗೆ ರೈಲು ಹಳಿ ಬಂತು. ಯಾದಗಿರಿ ಸ್ಟೇಷನ್ ಇರುವುದು ಅದೇ ಹಳಿಯ ಮೇಲೆ. ಎತ್ತಿನ ಸಾಲು ನಿಂತಮೇಲೆ ತಾಂಡಾಗಳು ಊರಿನಿಂದ ದೂರ, ಗುಡ್ಡದ ಬುಡದಲ್ಲಿ, ಯಾರಿಗೂ ಬೇಡವಾದ ಕಲ್ಲು ನೆಲದಲ್ಲಿ ನೆಲೆ ನಿಂತವು. ಊರಿನ ಬಾವಿ ಊರಿನವರಿಗೆ, ತಾಂಡಾದ ನೀರು ತಾಂಡಾದವರೇ ನೋಡಿಕೊಳ್ಳಬೇಕು.

ಹಳೆಯ ಬಾವಿಯ ನೀರು ಅಮೃತವೇನೂ ಆಗಿರಲಿಲ್ಲ. ಮೆಟ್ಟಿಲು ಬಾವಿಗೆ ಇಳಿದು, ಕಾಲು ಮುಳುಗಿಸಿ ಕೊಡ ತುಂಬಿದವರಿಗೆ ನಾರುಹುಣ್ಣು ಆಗುತ್ತಿತ್ತು. ಕುಡಿದ ನೀರಿನ ಜೊತೆ ಹೊಟ್ಟೆ ಸೇರಿದ ಹುಳು ಸುಮಾರು ವರ್ಷದ ಮೇಲೆ ಕಾಲಿನ ಚರ್ಮ ಒಡೆದು ದಾರದ ಹಾಗೆ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕಿತ್ತು. ನಾರುಹುಣ್ಣು ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾಲರಾ, ವಾಂತಿಭೇದಿ ಬೇರೆ.

1972ರ ಬರವನ್ನು ನಮ್ಮ ಅಜ್ಜ ಅಜ್ಜಿಯರು ಇವತ್ತಿಗೂ ಹೇಳುತ್ತಾರೆ. ಆ ಬರದ ದಶಕದಲ್ಲೇ ಯುನಿಸೆಫ್ ನೆರವಿನಿಂದ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ತಯಾರಾಯಿತು. ಕಲ್ಲು ಕೊರೆಯುವ ಯಂತ್ರಗಳು ಹಳ್ಳಿ ಹಳ್ಳಿಗೆ ಬಂದವು. ಮೆಟ್ಟಿಲು ಬಾವಿಗೆ ಇಳಿಯುವುದು ತಪ್ಪಿತು. ಭಾರತದಲ್ಲಿ ನಾರುಹುಣ್ಣಿನ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶ ಆ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಕೈಪಂಪು ಲಕ್ಷಾಂತರ ಜನರ ಕಾಲು ಉಳಿಸಿತು, ಇದನ್ನು ಮರೆಯಬಾರದು.

ಆದರೆ ಬೋರಿಂಗ್ ಇಳಿದದ್ದು ಕಲ್ಲಿನೊಳಗೆ. ಬೇರೆ ಕಡೆ ಅದು ಬರೀ ಕಲ್ಲು. ಮಂಗಳೂರು ಪಟ್ಟಿಯಲ್ಲಿ ಅದು ಬಂಗಾರದ ಕಲ್ಲು. ನೀರು ಬಿದ್ದರೆ ಸಾಕು, ತೆಂಗಿನಕಾಯಿ ಒಡೆದು ಪೂಜೆ ಮಾಡುವ ಕಾಲವದು. ನೀರಿನಲ್ಲಿ ಏನಿದೆ ಎಂದು ಕೇಳುವ ರೂಢಿ ಇರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಸುರಪುರ, ಶಹಾಪುರ ತಾಲೂಕಿನ ಹೊಲಗಳಿಗೆ ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿಯಿತು. ಒಣಭೂಮಿ ಭತ್ತದ ಗದ್ದೆಯಾಯಿತು. ಬೆಳೆಗೆ ನದಿಯ ನೀರು ಸಿಕ್ಕಿತು, ಎಷ್ಟೋ ತಾಂಡಾಗಳ ಜನರಿಗೆ ಬಾಯಿಗೆ ಮಾತ್ರ ಬೋರಿಂಗಿನ ನೀರೇ ಉಳಿಯಿತು.

ಹೊರಗಿನ ಲೋಕಕ್ಕೆ ಗೊತ್ತಿತ್ತು

ಆರ್ಸೆನಿಕ್ ಚರ್ಮಕ್ಕೆ ಏನು ಮಾಡುತ್ತದೆ ಎನ್ನುವುದು ಹೊಸ ವಿಷಯವಲ್ಲ. 1786ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಫೌಲರ್ ಆರ್ಸೆನಿಕ್ ಬೆರೆಸಿದ ದ್ರಾವಣವೊಂದನ್ನು ಜ್ವರಕ್ಕೆ ಔಷಧಿ ಎಂದು ಬಳಕೆಗೆ ತಂದರು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಚರ್ಮರೋಗಕ್ಕೂ ಉಬ್ಬಸಕ್ಕೂ ಕೊಟ್ಟರು. 1887ರ ಹೊತ್ತಿಗೆ ಲಂಡನ್ನಿನ ಶಸ್ತ್ರವೈದ್ಯ ಜೊನಾಥನ್ ಹಚಿನ್ಸನ್ ಒಂದು ಸಂಗತಿ ಗಮನಿಸಿದರು. ಈ ಔಷಧಿಯನ್ನು ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲಿನಲ್ಲಿ ಗಂಟು ಏಳುತ್ತಿದ್ದವು, ಕೆಲವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಆಗುತ್ತಿತ್ತು.

ನೀರಿನಿಂದಲೂ ಹೀಗಾಗುತ್ತದೆ ಎಂದು ದೊಡ್ಡ ಲೆಕ್ಕದಲ್ಲಿ ತೋರಿಸಿದ್ದು ತೈವಾನ್ ದೇಶ. ಅಲ್ಲಿನ ನೈಋತ್ಯ ಕರಾವಳಿಯ ಜನ ಆಳದ ಬಾವಿಯ ನೀರು ಕುಡಿಯುತ್ತಿದ್ದರು. 40,421 ಜನರನ್ನು ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 428 ಜನರಿಗೆ ಚರ್ಮದ ಕ್ಯಾನ್ಸರ್ ಇತ್ತು. ಅಂದರೆ ಸಾವಿರಕ್ಕೆ ಹತ್ತಕ್ಕಿಂತ ಹೆಚ್ಚು.

ನಮ್ಮ ದೇಶದಲ್ಲಿ 1983ರಲ್ಲಿ ಕಲ್ಕತ್ತಾದ ಚರ್ಮವೈದ್ಯ ಡಾ. ಕೆ.ಸಿ. ಸಹಾ ಪಶ್ಚಿಮ ಬಂಗಾಳದ ಹಳ್ಳಿಗರ ಕೈಕಾಲು ನೋಡಿ ರೋಗವನ್ನು ಗುರುತಿಸಿದರು. ಕಾರಣ ಕೊಳವೆ ಬಾವಿಯ ನೀರು. ಆಮೇಲೆ ಜಾದವಪುರ ವಿಶ್ವವಿದ್ಯಾಲಯದ ಪ್ರೊ. ದೀಪಂಕರ್ ಚಕ್ರವರ್ತಿ ತಂಡ ಕಟ್ಟಿಕೊಂಡು ಬಂಗಾಳ, ಬಿಹಾರ, ಬಾಂಗ್ಲಾದೇಶದ ಹಳ್ಳಿಗಳನ್ನು ಸುತ್ತಿ ನೀರು, ಕೂದಲು, ಉಗುರು ಪರೀಕ್ಷೆ ಮಾಡುತ್ತ ಹೋದರು.

ಇವೆಲ್ಲ ಗಂಗೆಯ ಬಯಲಿನ ಸುದ್ದಿ ಎಂದು ನಮ್ಮ ಕಡೆಯವರು ಅಂದುಕೊಂಡಿದ್ದರು. ಅಲ್ಲಿ ಮೆತ್ತನೆಯ ಹೂಳು ಮಣ್ಣು, ಇಲ್ಲಿ ಗಟ್ಟಿ ಬಂಡೆ. ಇಲ್ಲಿ ಆರ್ಸೆನಿಕ್ ಹುಡುಕಬೇಕು ಎಂದು ಬಹಳ ಜನಕ್ಕೆ ಹೊಳೆಯಲಿಲ್ಲ.

ನಮ್ಮ ಕಡೆ ಲೆಕ್ಕ ಸಿಕ್ಕದ್ದು

ಹೊಲದಲ್ಲಿ ದುಡಿಯುವವರ ಅಂಗಾಲು ಒಡೆಯುವುದು, ಕೈ ಜಡ್ಡುಗಟ್ಟುವುದು ನಮ್ಮಲ್ಲಿ ಯಾರಿಗೂ ರೋಗ ಅನ್ನಿಸುವುದಿಲ್ಲ. ಆಣಿ ಆಗಿದೆ ಎಂದು ಬ್ಲೇಡಿನಿಂದ ಕೆತ್ತಿಕೊಳ್ಳುತ್ತೇವೆ. ಮೈಮೇಲೆ ಚುಕ್ಕಿ ಬಂದರೆ ತೊನ್ನು ಇರಬಹುದು ಎಂದು ಗುಸುಗುಸು. ಇನ್ನೂ ಹೆಚ್ಚಾದರೆ ದೊಡ್ಡ ರೋಗ ಎಂಬ ಹೆದರಿಕೆ, ಹುಡುಗಿಗೆ ಹೆಣ್ಣು ನೋಡಲು ಬರುವವರು ನಿಲ್ಲುತ್ತಾರೆ. ಮುಲಾಮು ಹಚ್ಚಿ, ಅಂಗಿಯ ತೋಳು ಇಳಿಸಿ, ಸುಮ್ಮನೆ ಇರುತ್ತಾರೆ.

ಇದರಲ್ಲಿ ನಮ್ಮ ತಪ್ಪೂ ಇದೆ. ಬೇಸಿಗೆ ಬಂತೆಂದರೆ ನಾವು ಕೊಡಗಳ ಸಾಲಿನ ಫೋಟೊ ತೆಗೆದು ನೀರಿಗೆ ಹಾಹಾಕಾರ ಎಂದು ಸುದ್ದಿ ಕಳಿಸಿದವರು. ನೀರು ಎಷ್ಟು ದೂರ, ಎಷ್ಟು ಟ್ಯಾಂಕರ್ ಎಂದು ಬರೆದೆವು. ಕೊಡ ಹಿಡಿದ ಕೈಯನ್ನು ನೋಡಲಿಲ್ಲ.

ಪ್ರೊ. ಚಕ್ರವರ್ತಿಯವರೂ ಸೇರಿ ಹಲವು ವಿಜ್ಞಾನಿಗಳು ಮಂಗಳೂರು ಪಟ್ಟಿಯ ಹಳೆಯ ಗಣಿ ಪ್ರದೇಶದಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಯಾದಗಿರಿ ಜಿಲ್ಲೆಯಾಗಿ ಆಗಿನ್ನೂ ಮೂರು ವರ್ಷ. ಅದರ ಲೆಕ್ಕ ಹೀಗಿದೆ.

- 59 ಕೊಳವೆ ಬಾವಿಗಳ ನೀರಿನಲ್ಲಿ 79 ಶೇಕಡಾ ಮಾದರಿಗಳಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು. ಎಲ್ಲಕ್ಕಿಂತ ಹೆಚ್ಚು ಸಿಕ್ಕದ್ದು 303 ಮೈಕ್ರೋಗ್ರಾಂ, ಅಂದರೆ ಮಿತಿಯ 30 ಪಟ್ಟು.
- ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋ ಮಣ್ಣಿಗೆ ಎರಡು ಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು.
- ಕೂದಲು, ಉಗುರು ಕೊಟ್ಟ 171 ಜನರಲ್ಲಿ ಎಲ್ಲರಿಗೂ ಆರ್ಸೆನಿಕ್ ಹೆಚ್ಚಿತ್ತು. ಒಬ್ಬರೂ ತಪ್ಪಿರಲಿಲ್ಲ.
- ಮೈ ಪರೀಕ್ಷೆ ಮಾಡಿಸಿಕೊಂಡ 181 ಜನರಲ್ಲಿ 58.6 ಶೇಕಡಾ, ಅಂದರೆ ನೂರಕ್ಕೂ ಹೆಚ್ಚು ಜನರ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು.
- ನಾಲ್ಕು ಜನರ ಚರ್ಮದ ತುಣುಕು ತೆಗೆದು ಪರೀಕ್ಷಿಸಿದಾಗ ಮೂವರಲ್ಲಿ ರೋಗ ಖಚಿತವಾಯಿತು.

ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಅಷ್ಟು ಕಡಿಮೆ ಇದ್ದರೂ ದಿನಾ, ವರ್ಷಗಟ್ಟಲೆ ಒಳಗೆ ಹೋದರೆ ಸಾಕು. ವಿಷ ಮುಖ್ಯವಾಗಿ ನೀರಿನಿಂದ ಬಂದಿರಬೇಕು, ಮನೆ ಸುತ್ತಲಿನ ಮಣ್ಣೂ ಪಾಲು ಕೊಟ್ಟಿರಬಹುದು ಎಂದು ಅಧ್ಯಯನ ಹೇಳಿತು. ಕಲ್ಲಿನಿಂದ ತಾನಾಗಿ ಬಂದದ್ದು ಎಷ್ಟು, ಗಣಿ ಮಣ್ಣಿನಿಂದ ಬಂದದ್ದು ಎಷ್ಟು ಎಂದು ತಿಳಿಯಲು ಇನ್ನೂ ಅಧ್ಯಯನ ಬೇಕು ಎಂದೂ ಹೇಳಿತು.

ನೀರು ಬದಲಾದರೂ ಮೈ ಮರೆಯದು

ಬಿಸಿಲಿನಿಂದ ಆಗುವ ಚರ್ಮದ ಕ್ಯಾನ್ಸರ್ ಮುಖ, ಕಿವಿ, ಮುಂಗೈಗಳಂಥ ಬಿಸಿಲು ಬೀಳುವ ಕಡೆ ಹೆಚ್ಚು. ಆರ್ಸೆನಿಕ್‌ದು ಬೇರೆ ದಾರಿ. ಅದು ಅಂಗೈ, ಅಂಗಾಲು, ಬಟ್ಟೆಯೊಳಗಿನ ಮೈ ಎನ್ನದೆ ಏಳುತ್ತದೆ. ಮೊದಲು ಚುಕ್ಕಿ, ಆಮೇಲೆ ಗಂಟು. ಎಲ್ಲ ಗಂಟೂ ಕ್ಯಾನ್ಸರ್ ಆಗುವುದಿಲ್ಲ. ಕೆಲವು ಆಗುತ್ತವೆ, ಬಹಳ ವರ್ಷ ಕಳೆದ ಮೇಲೆ. ಆರ್ಸೆನಿಕ್ ಚರ್ಮದ ಜೊತೆಗೆ ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೂ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಂತೊಫಗಾಸ್ತ ಎಂಬ ಊರಿದೆ. 1958ರಲ್ಲಿ ಅಲ್ಲಿಗೆ ಹೊಸ ನದಿ ನೀರು ತಂದರು, ಅದರಲ್ಲಿ ಬಹಳ ಆರ್ಸೆನಿಕ್ ಇತ್ತು. 1970ರಲ್ಲಿ ಶುದ್ಧೀಕರಣ ಘಟಕ ಕಟ್ಟಿದರು, ನೀರು ಬಹುಮಟ್ಟಿಗೆ ಸರಿಹೋಯಿತು. ಕೆಟ್ಟ ನೀರು ಕುಡಿದದ್ದು ಹನ್ನೆರಡು ವರ್ಷ ಅಷ್ಟೇ. ಆದರೆ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಅಲ್ಲಿ ಮುಂದಿನ ನಾಲ್ಕು ದಶಕ ಹೆಚ್ಚಾಗಿಯೇ ಇತ್ತು.

ಈ ಲೆಕ್ಕವನ್ನು ನಮ್ಮ ಸೀಮೆಗೆ ಹಾಕಿ ನೋಡಿ. 2013ಕ್ಕೂ ಮೊದಲು ಬೋರಿಂಗಿನ ನೀರು ಕುಡಿದು ಬೆಳೆದ ಮಕ್ಕಳು ಈಗ ಯುವಕರು. ಗುಳೆ ಹೋಗಿ ಬೆಂಗಳೂರು, ಪುಣೆ, ಮುಂಬೈಯಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ನಾಳೆ ಕೈಮೇಲೊಂದು ಹುಣ್ಣು ಮಾಯದಿದ್ದರೆ ಅಲ್ಲಿಯ ಡಾಕ್ಟರಿಗೆ ಕಿರದಳ್ಳಿ ತಾಂಡಾ ಯಾವುದು, ಮಂಗಳೂರು ಪಟ್ಟಿ ಯಾವುದು ಗೊತ್ತಿರುವುದಿಲ್ಲ. ಸಿಮೆಂಟಿನ ಕೆಲಸದಿಂದ ಆಗಿದೆ ಎಂದು ಮುಲಾಮು ಬರೆದುಕೊಡಬಹುದು. ಆಗ ಈ ಚರಿತ್ರೆಯನ್ನು ಹೇಳಬೇಕಾದವರು ನೀವೇ.

ಚರ್ಮದಿಂದ ಕೊರಳಿಗೆ

ಚರ್ಮದ ಕ್ಯಾನ್ಸರನ್ನು ಬೇಗ ಹಿಡಿದರೆ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಗುಣಪಡಿಸಬಹುದು. ಬಿಟ್ಟರೆ ಕೆಲವು ಹರಡುತ್ತವೆ. ಮೊದಲು ಹತ್ತಿರದ ಗಡ್ಡೆಗಳಿಗೆ: ಕೈಯದಾದರೆ ಕಂಕುಳಿಗೆ, ಕಾಲಿನದಾದರೆ ತೊಡೆಯ ಸಂದಿಗೆ, ತಲೆಯದಾದರೆ ಕುತ್ತಿಗೆಗೆ. ಅಲ್ಲಿಂದ ರಕ್ತದ ಮೂಲಕ ಶ್ವಾಸಕೋಶ, ಯಕೃತ್ತು, ಮೂಳೆ.

ಬಹಳ ಅಪರೂಪಕ್ಕೆ ಅದು ಕೊರಳಿನ ಥೈರಾಯ್ಡ್ ಗ್ರಂಥಿಗೂ ಹೋಗುತ್ತದೆ. ಥೈರಾಯ್ಡ್‌ಗೆ ರಕ್ತದ ಹರಿವು ಧಾರಾಳ. ಆದರೂ ಬೇರೆ ಕಡೆಯ ಕ್ಯಾನ್ಸರ್ ಅಲ್ಲಿ ಬಂದು ಬೇರೂರುವುದು ಕಡಿಮೆ. ಹಾಗೆ ಬರುವುದರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಮುಂದೆ. ಚರ್ಮದ್ದರಲ್ಲಿ ಹೆಚ್ಚಾಗಿ ಮೆಲನೋಮ ಎಂಬ ಕಪ್ಪು ಮಚ್ಚೆಯ ಕ್ಯಾನ್ಸರ್. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಮೆಲನೋಮ ವಿರಳ, ಬಂದರೆ ಅಂಗಾಲು, ಉಗುರಿನ ಬುಡದಲ್ಲಿ ಕಾಣುವುದು ಹೆಚ್ಚು. ಇದಕ್ಕೂ ಅಪರೂಪದ್ದು 1972ರಲ್ಲಿ ಮೊದಲ ಬಾರಿ ಗುರುತಿಸಿದ ಮರ್ಕೆಲ್ ಕೋಶದ ಕ್ಯಾನ್ಸರ್.

ಅಪರೂಪ ಅಂದಮೇಲೆ ಹಳ್ಳಿಯ ಓದುಗರಿಗೆ ಯಾಕೆ ಹೇಳಬೇಕು? ಕಾರಣವಿದೆ. ಕೊರಳಿನಲ್ಲಿ ಗಂಟು ಬಂದರೆ ಗಳಗಂಡ, ಥೈರಾಯ್ಡ್ ಎಂದು ಗುಳಿಗೆ ನುಂಗಿ ಸುಮ್ಮನಾಗುತ್ತೇವೆ. ಬಹಳ ಮಟ್ಟಿಗೆ ಅದು ನಿಜವೂ ಹೌದು, ಕೊರಳಿನ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಐದಾರು ವರ್ಷದ ಹಿಂದೆ ಅಂಗಾಲಿನಿಂದ ಒಂದು ಗಂಟು ತೆಗೆಸಿಕೊಂಡವರಿಗೆ ಕೊರಳಿನಲ್ಲಿ ಗಂಟು ಬಂದರೆ ಎರಡನ್ನೂ ಜೋಡಿಸಿ ನೋಡಬೇಕು. ಕಾಲಿನದನ್ನು ತೆಗೆದ ಡಾಕ್ಟರು ಒಬ್ಬರು, ಕೊರಳು ನೋಡುವವರು ಇನ್ನೊಬ್ಬರು. ಜೋಡಿಸುವ ಮಾತು ರೋಗಿಯ ಬಾಯಿಂದಲೇ ಬರಬೇಕು. ಸೂಜಿಯಿಂದ ಗಂಟಿನ ಕಣ ತೆಗೆದು ಮಾಡುವ ಪರೀಕ್ಷೆ ಸುಲಭ. ಹಳೆಯ ರಿಪೋರ್ಟು ಜೊತೆಗಿದ್ದರೆ ಆ ಕಣ ಎಲ್ಲಿಯದು ಎಂದು ಹೇಳಲು ಅನುಕೂಲ.

ಈಗ ಮಾಡಬೇಕಾದದ್ದು

ಹಳೆ ಗಣಿ ಇರುವ ಸೀಮೆಯವರು ತಮ್ಮ ಬೋರಿಂಗಿನ ನೀರಿಗೆ ಆರ್ಸೆನಿಕ್ ಪರೀಕ್ಷೆ ಬೇಕು ಎಂದು ಹೆಸರು ಹೇಳಿ ಕೇಳಿ. ಉಪ್ಪಿನಂಶ, ಫ್ಲೋರೈಡ್ ನೋಡಿದರೆ ಆರ್ಸೆನಿಕ್ ನೋಡಿದ ಹಾಗಲ್ಲ. ಗ್ರಾಮ ಪಂಚಾಯಿತಿಗೆ ಬರೆದುಕೊಡಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಹೋಗಬೇಕು. ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅದೇ ಮೇಲೆ ಹೇಳಿದ 10 ಮೈಕ್ರೋಗ್ರಾಂ. ಫಲಿತಾಂಶದ ಹಾಳೆಯಲ್ಲಿ ಆ ಸಾಲನ್ನು ಹುಡುಕಿ ಓದಿ.

ನೀರು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಶುದ್ಧ ನೀರಿನ ಘಟಕ ಇದ್ದರೆ ಅದರ ನಳದಿಂದ ಬರುವ ನೀರನ್ನೂ ಪರೀಕ್ಷೆ ಮಾಡಿಸಿ. ಕೆಟ್ಟ ನೀರನ್ನು ಬಟ್ಟೆ ತೊಳೆಯಲು ಬಳಸಿದರೆ ಅಪಾಯ ಕಡಿಮೆ. ಕುಡಿಯಲು, ರೊಟ್ಟಿ ಹಿಟ್ಟು ನಾದಲು, ಅನ್ನ ಬೇಳೆ ಬೇಯಿಸಲು ಬೇಡ.

ಇದು ಅಂಟುರೋಗವಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಮದುವೆ ಸಂಬಂಧ ಮಾಡಿದರೆ ಬರುವುದಿಲ್ಲ. ಹೀಗಾಗಿ ಮುಚ್ಚಿಡುವುದು ಬೇಡ.

ಅಂಗೈ ಅಂಗಾಲಿನ ಗಂಟು ದೊಡ್ಡದಾಗುತ್ತಿದ್ದರೆ, ಒಡೆದು ರಕ್ತ ಬರುತ್ತಿದ್ದರೆ, ತಿಂಗಳಾದರೂ ಹುಣ್ಣು ಮಾಯದಿದ್ದರೆ, ಮಚ್ಚೆಯ ಬಣ್ಣ ಅಂಚು ಬದಲಾದರೆ, ಕಂಕುಳು ತೊಡೆಸಂದಿ ಕೊರಳಿನಲ್ಲಿ ಗಂಟು ಕಂಡರೆ ಕೆತ್ತಿಕೊಳ್ಳಬೇಡಿ, ಸುಡಬೇಡಿ. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ. ಕ್ಯಾನ್ಸರ್ ಎಂದಾದರೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ, ಮೊದಲೇ ಬೆಂಗಳೂರಿಗೆ ಓಡಬೇಕಿಲ್ಲ.

ಹೋದಾಗ ಎರಡು ಸಂಗತಿ ತಪ್ಪದೆ ಹೇಳಿ. ಒಂದು, ಯಾವ ಊರಿನ ನೀರು ಎಷ್ಟು ವರ್ಷ ಕುಡಿದಿರಿ. ಎರಡು, ಹಿಂದೆ ಮೈಮೇಲಿನ ಯಾವ ಗಂಟು ಎಲ್ಲಿ ತೆಗೆಸಿದಿರಿ. ಊರು ಬಿಟ್ಟು ದುಡಿಯಲು ಹೋದ ಮಕ್ಕಳಿಗೆ, ತಮ್ಮಂದಿರಿಗೆ ಫೋನ್ ಮಾಡಿದಾಗಲೂ ಈ ಎರಡು ಮಾತು ಕಿವಿಗೆ ಹಾಕಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರ ಅಂಗೈಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ.